ಸುರಪುರಕ್ಕೆ ಹೋಗುವ ಎರಡನೇ ಅರ್ಧ

ನನ್ನ ವೈನಿ ನನ್ನನ್ನು ಬಯ್ಯುವುದನ್ನು ನಿಲ್ಲಿಸಿದ ದಿನ ನನಗೆ ಏನೋ ಕೇಡು ತಟ್ಟಿದೆ ಎಂದು ಖಾತ್ರಿಯಾಯಿತು.

ವೈನಿ ಎಂದರೆ ನಮ್ಮಣ್ಣ ಶರಣಪ್ಪನ ಹೆಂಡತಿ, ಗಂಗವ್ವ. ಶಹಾಪುರದ ನಮ್ಮ ಮನೆಗೆ ಸೊಸೆಯಾಗಿ ಬಂದಾಗಿನಿಂದ ಬೆಳಗಿನ ಚಹಾದ ಜೊತೆಗೆ ಆಕೆ ನನಗೊಂದು ಬೈಗುಳ ಕೊಡದ ದಿನವಿರಲಿಲ್ಲ. ನಾನೂ ಬಿಡುವವಳಲ್ಲ, ತಿರುಗಿ ಅನ್ನುತ್ತಿದ್ದೆ. ಅದರಲ್ಲೇ ನಮ್ಮಿಬ್ಬರ ಹೊತ್ತು ಚೆನ್ನಾಗಿ ಹೋಗುತ್ತಿತ್ತು. ಅಂಥವಳು, ಅಣ್ಣ ನನ್ನನ್ನು ಸೊಲ್ಲಾಪುರದ ದವಾಖಾನೆಗೆ ಎರಡನೇ ಸಲ ಕರೆದುಕೊಂಡು ಹೋಗಿ ಬಂದ ಮರುದಿನ, ನಾನು ಕೇಳದೆಯೇ ನನ್ನ ತಾಟಿಗೆ ತುಪ್ಪ ಸುರಿದು, "ನಿಧಾನಕ್ಕ ಉಣ್ಣವ್ವಾ, ಅವಸರಿಲ್ಲ" ಎಂದಳು. ನಾನು ಆಕೆಯ ಮುಖ ನೋಡಿದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಒಲೆಯ ಕಡೆ ತಿರುಗಿದಳು.

ನನಗೆ ಈ ಸೀನು ಗೊತ್ತಿತ್ತು. ಇದು ಇಂಟರ್ವಲ್ ಆದ ಮೇಲೆ ಬರುವ ಸೀನು.

ನಾನು ಶಹಾಪುರದ ಟಾಕೀಸಿನಲ್ಲಿ ಹೆಂಗಸರ ಕಿಟಕಿಯಲ್ಲಿ ಕೂತು ಟಿಕೇಟು ಕೊಡುತ್ತಿದ್ದೆ. ಕೆನಾಲಿಗೆ ನೀರು ಬಂದು ಸುತ್ತಲಿನ ಊರುಗಳಲ್ಲಿ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗತೊಡಗಿದ್ದ ಕಾಲ ಅದು. ಮೊಳಕಾಲುದ್ದದ ಕೆಸರಿನಲ್ಲಿ ಬಗ್ಗಿ ನಾಟಿ ಹಚ್ಚಿದ ಹೆಂಗಸರು ಸಂತೆಯ ದಿನ ಟ್ರ್ಯಾಕ್ಟರ್ ತುಂಬ ಬಂದು ಮಧ್ಯಾಹ್ನದ ಆಟಕ್ಕೆ ಕೂರುತ್ತಿದ್ದರು. ಅವರಿಗೆ ಮೊದಲು ನಗು ಬೇಕು, ಆಮೇಲೆ ಅಳು ಬೇಕು. ಎರಡನ್ನೂ ಒಂದೇ ಟಿಕೇಟಿನಲ್ಲಿ ಕೊಡುವ ಹಿಂದಿ ಸಿನಿಮಾಗಳ ಸುಗ್ಗಿ ಆ ವರ್ಷ. ಮೊದಲರ್ಧದಲ್ಲಿ ಹುಡುಗ ಹುಡುಗಿ ಜಗಳಾಡಿ, ಬಿದ್ದು ಎದ್ದು, ಎಲ್ಲರನ್ನೂ ನಗಿಸಿ ಪ್ರೀತಿ ಮಾಡುತ್ತಾರೆ. ಇಂಟರ್ವಲ್‌ಗೆ ಇನ್ನೆರಡು ನಿಮಿಷ ಇದೆ ಎನ್ನುವಾಗ ಒಬ್ಬ ಡಾಕ್ಟರ್ ಕನ್ನಡಕ ತೆಗೆಯುತ್ತಾನೆ. ಮುಗಿಯಿತು. ಅಲ್ಲಿಂದ ಮನೆಯವರೆಲ್ಲ ಒಮ್ಮೆಗೇ ಒಳ್ಳೆಯವರಾಗುತ್ತಾರೆ. ಹುಡುಗಿ ರೋಗ ಮುಚ್ಚಿಟ್ಟು, ನನಗೆ ನಿನ್ನ ಮೇಲೆ ಮನಸ್ಸೇ ಇಲ್ಲ ಎಂದು ಹುಡುಗನಿಗೆ ಸುಳ್ಳು ಹೇಳುತ್ತಾಳೆ. ಹುಡುಗ ಸುಳ್ಳು ಹಿಡಿದು ಓಡೋಡಿ ಬರುತ್ತಾನೆ. ಹಾಡಾಗುತ್ತದೆ. ಕೊನೆಯ ರೀಲಿನಲ್ಲಿ ಹುಡುಗಿ ಸಾಯುತ್ತಾಳೆ. ಆಕೆಗೆ ಒಂದು ದಿನ ವಾಂತಿಯಿಲ್ಲ, ಒಂದು ಕೂದಲು ಉದುರುವುದಿಲ್ಲ, ಜೀವ ಹೋಗುವಾಗಲೂ ತುಟಿಯ ಬಣ್ಣ ಅಳಿಸುವುದಿಲ್ಲ.

ಆಗ ನಡೆಯುತ್ತಿದ್ದ ಸಿನಿಮಾದಲ್ಲಿ ಹುಡುಗಿ ಶ್ರೀಮಂತರ ಮಗಳು, ಹಟಕ್ಕೆ ಸ್ಕೂಟರ್ ಕಲಿಸುವವಳು. ಕಲಿಯಲು ಬಂದ ಹುಡುಗ ದಿನಾ ಹೋಗಿ ಅದೇ ಕುಂಬಳಕಾಯಿ ಗಾಡಿಗೆ ಗುದ್ದುತ್ತಾನೆ. ನಮ್ಮ ಹೆಂಗಸರು ಬೆಂಚು ಬಡಿದು ನಗುತ್ತಿದ್ದರು. ಕೊನೆಗೆ ಆಕೆ ಕೆರೆಯ ನಡುವೆ ದೋಣಿಯಲ್ಲಿ, ಅವನ ತೊಡೆಯ ಮೇಲೆ ಸಾಯುತ್ತಿದ್ದಳು. ಮೂರು ವಾರ, ದಿನಾ ಎರಡು ಸಲ ಸತ್ತಳು. ನಾನು ಲೆಕ್ಕ ಬಿಟ್ಟಿದ್ದೆ.

ಈಗ ಮಲ್ಲಪ್ಪನ ವಿಷಯ ಹೇಳಬೇಕು. ಶಹಾಪುರಕ್ಕೂ ಸುರಪುರಕ್ಕೂ ಸೇರಿ ಬರುತ್ತಿದ್ದುದು ಒಂದೇ ಪ್ರಿಂಟು. ನಮ್ಮಲ್ಲಿ ಇಂಟರ್ವಲ್ ಆಗುತ್ತಿದ್ದಂತೆ ಮೊದಲರ್ಧದ ರೀಲಿನ ಡಬ್ಬಿಗಳನ್ನು ಒಬ್ಬ ಮೋಟಾರ್‌ಸೈಕಲ್ಲಿಗೆ ಕಟ್ಟಿಕೊಂಡು ಸುರಪುರದ ಟಾಕೀಸಿಗೆ ಒಯ್ಯುತ್ತಿದ್ದ. ಅಲ್ಲಿ ಆಟ ಶುರುವಾದರೆ ತಿರುಗಿ ಬಂದು, ನಮ್ಮಲ್ಲಿ ಮುಗಿದ ಎರಡನೇ ಅರ್ಧವನ್ನು ತೆಗೆದುಕೊಂಡು ಮತ್ತೆ ಓಡುತ್ತಿದ್ದ. ಸುರಪುರದಲ್ಲಿ ಇಂಟರ್ವಲ್ ಎಷ್ಟು ಉದ್ದ ಎನ್ನುವುದು ಅವನ ಗಾಡಿಯ ಮೇಲೆ ನಿಂತಿತ್ತು. ಅವನು ತಡ ಮಾಡಿದ ದಿನ ಅಲ್ಲಿ ಶೇಂಗಾ ಮಾರುವವನಿಗೆ ಹಬ್ಬ. ಅವನೇ ಮಲ್ಲಪ್ಪ.

ಅವನು ದಿನಾ ನನ್ನ ಕಿಟಕಿಯ ಪಕ್ಕ ಗಾಡಿ ನಿಲ್ಲಿಸುತ್ತಿದ್ದ. ಸರದಿಗೆ ಅಡ್ಡವಾಗುತ್ತದೆ, ಆ ಕಡೆ ನಿಲ್ಲಿಸ್ರಿ ಎಂದು ನಾನು ದಿನಾ ಜಗಳ ತೆಗೆಯುತ್ತಿದ್ದೆ. ಮಾರನೆಯ ದಿನ ಅಲ್ಲೇ ನಿಲ್ಲಿಸಿರುತ್ತಿದ್ದ. ಒಂದು ವರ್ಷ ಜಗಳಾಡಿದ ಮೇಲೆ, ಅವನು ಬರದ ದಿನ ನನಗೆ ಊಟ ಸೇರುತ್ತಿಲ್ಲ ಎನ್ನುವುದನ್ನು ಮೊದಲು ಕಂಡುಹಿಡಿದವಳು ವೈನಿ. ಅವನ ಕಾಕ ಬಂದು ಮಾತಾಡಿದ, ಎರಡೂ ಮನೆಯವರು ಒಪ್ಪಿ ಸಕ್ಕರೆ ಹಂಚಿದರು. ಸಂಕ್ರಾಂತಿ ಕಳೆದ ಮೇಲೆ ಮದುವೆ ಎಂದಾಗಿತ್ತು.

ಆ ನಡುವೆ ನನ್ನ ಕುತ್ತಿಗೆಯ ಎಡಕ್ಕೆ ಬಾರಿಹಣ್ಣಿನಷ್ಟು ಗಂಟು ಎದ್ದಿತು. ನೋವಿರಲಿಲ್ಲ, ಹಾಗಾಗಿ ಬಿಟ್ಟೆ. ಸಂಜೆಯಾದರೆ ಜ್ವರ, ಮೈಯೆಲ್ಲ ತುರಿಕೆ, ಕುಪ್ಪಸ ಸಡಿಲವಾಗತೊಡಗಿತು. ಮದುವೆಯ ಹುಡುಗಿ ಸೊರಗುತ್ತಾಳೆ ಎಂದು ಎಲ್ಲರೂ ನಕ್ಕರು. ಗಂಟು ಲಿಂಬೆಹಣ್ಣಿನಷ್ಟಾದಾಗ ಅಣ್ಣ ಯಾದಗಿರಿಗೆ ಕರೆದೊಯ್ದ. ಅಲ್ಲಿನ ಡಾಕ್ಟರ್ ಕುತ್ತಿಗೆ ಒತ್ತಿ ನೋಡಿ, ಮಾತಾಡದೆ ಸೊಲ್ಲಾಪುರಕ್ಕೆ ಚೀಟಿ ಬರೆದುಕೊಟ್ಟರು. ಸೊಲ್ಲಾಪುರದಲ್ಲಿ ಗಂಟಿನ ಒಂದು ತುಣುಕು ತೆಗೆದರು. ಎರಡನೇ ಸಲ ಹೋದಾಗ ಡಾಕ್ಟರ್ ಅಣ್ಣನನ್ನು ಮಾತ್ರ ಒಳಗೆ ಕರೆದರು. ನಾನು ಹೊರಗೆ ಬೆಂಚಿನ ಮೇಲೆ, ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದ ಯಾರದೋ ಅಜ್ಜನ ಪಕ್ಕ ಕೂತಿದ್ದೆ. ಅಣ್ಣ ಹೊರಗೆ ಬಂದು, "ಏನಿಲ್ಲ, ಅಶಕ್ತಿ ಅದ ಅಂತ" ಎಂದ. ರೈಲಿನಲ್ಲಿ ನನಗೆ ಕಿಟಕಿಯ ಜಾಗ ಬಿಟ್ಟುಕೊಟ್ಟ. ಹುಟ್ಟಿದಾಗಿನಿಂದ ಅವನು ನನಗೆ ಕಿಟಕಿ ಬಿಟ್ಟವನಲ್ಲ.

ಮರುದಿನವೇ ತುಪ್ಪ. ನಾನು ತಾಟು ಸರಿಸಿ ಎದ್ದು ನಿಂತೆ.

"ಅಣ್ಣಾ, ನಾ ಸಾಯಾಕತ್ತೇನೇನು?"

"ಬಿಡ್ತು ಅನ್ನು!" ಎಂದು ಅವ್ವ ಚೀರಿದಳು. ಅಣ್ಣ ಗೋಡೆ ನೋಡಿದ.

"ಹೇಳ್ತೀಯೋ, ನಾನೇ ಸೊಲ್ಲಾಪುರಕ್ಕ ಹೋಗಿ ಕೇಳ್ಕೊಂಡು ಬರ್ಲೋ?"

ಅಣ್ಣ ನೀರಾವರಿ ಆಫೀಸಿನಲ್ಲಿ ಕ್ಲಾರ್ಕ್. ಕಾಗದ ಓದುವವನ ದನಿಯಲ್ಲಿ ಹೇಳಿದ: "ಗಂಟಿನ ಕ್ಯಾನ್ಸರ್ ಅದ. ಹದಿನೈದು ದಿನಕ್ಕೊಮ್ಮಿ ಇಂಜೆಕ್ಷನ್, ಒಟ್ಟು ಹನ್ನೆರಡು. ಪೂರಾ ತಗೊಂಡ್ರ ಉಳಿಯೋ ಹಾದಿ ಭಾಳ ಅದ ಅಂದಾರ ಡಾಕ್ಟರ್."

"ಮತ್ತ ನನಗ್ಯಾಕ ಹೇಳಿಲ್ಲ?"

"ಹೇಳಿದ್ರ ನೀ ಎದಿ ಒಡ್ಕೋತಿ ಅಂತ."

"ಯಾರು ಹೇಳ್ಯಾರ ನಿನಗ ಹಂಗಂತ?"

ಯಾರು ಹೇಳಿದ್ದು ಎಂದು ನನಗೆ ಗೊತ್ತಿತ್ತು. ನಾನೇ ಮನೆಮಂದಿಗೆಲ್ಲ ಪಾಸು ಕೊಡಿಸಿ ಆ ಸಿನಿಮಾ ತೋರಿಸಿದ್ದೆ. ಅವ್ವ ಎರಡು ಸಲ ನೋಡಿದ್ದಳು. ಈಗ ಅವ್ವ ನನ್ನ ಕೈ ಹಿಡಿದು, "ಸೂಜಿ ಗೀಜಿ ಚುಚ್ಚಿಸಿ ಯಾಕ ಗೋಳಾಡಿಸ್ತೀರಿ ಕೂಸಿನ್ನ? ಆ ಸಿನಿಮಾದಾಕಿ ಅಷ್ಟು ಶ್ರೀಮಂತರ ಮಗಳು, ಬಂಗ್ಲಾದಾಗ ಇದ್ದಾಕಿ, ಆಕಿನ್ನೇ ಉಳಿಸ್ಕೊಳ್ಳಾಕ ಆಗ್ಲಿಲ್ಲ. ಮನ್ಯಾಗ ಕಣ್ಣ ಮುಂದ ಇರ್ಲಿ" ಎಂದು ಅತ್ತಳು. ನಮ್ಮವ್ವನಿಗೆ ಆ ರೋಗದ ಬಗ್ಗೆ ಗೊತ್ತಿದ್ದುದೆಲ್ಲ ಆ ದೋಣಿ. ನಗು ಬರುವ ಮಾತೇ. ಆದರೆ ಕೇಳಿ, ನನಗೂ ಅಷ್ಟೇ ಗೊತ್ತಿತ್ತು. ಅಣ್ಣ ಉಳಿಯೋ ಹಾದಿ ಎಂದದ್ದು ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಕ್ಯಾನ್ಸರ್ ಎಂದರೆ ಸಾಯುವುದು, ಸಾಯುವ ಹುಡುಗಿ ಏನು ಮಾಡಬೇಕು ಎನ್ನುವುದು ನನಗೆ ಬಾಯಿಪಾಠ.

ಹಾಗಾಗಿ ಮಾಡಿದೆ. ಇದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ.

ಮಧ್ಯಾಹ್ನ ಇಂಟರ್ವಲ್ ಗಂಟೆ ಹೊಡೆಯಿತು. ಮಲ್ಲಪ್ಪ ಡಬ್ಬಿ ಕಟ್ಟಿಕೊಂಡು ನನ್ನ ಕಿಟಕಿಯ ಹತ್ತಿರ ಬಂದ. ನಾನು ಕಣ್ಣು ಬೇರೆ ಕಡೆ ಇಟ್ಟು, "ನನಗ ನಿಮ್ಮ ಮ್ಯಾಲ ಮನಸ್ಸಿಲ್ರಿ. ಈ ಮದಿವಿ ಬ್ಯಾಡ" ಎಂದೆ. ದನಿ ಸ್ವಲ್ಪ ನಡುಗುವಂತೆಯೂ ನೋಡಿಕೊಂಡೆ.

ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿದ. "ಖರೇನ?"

"ಖರೇನ."

"ಯಾಕ?"

"ಸುಮ್ನ."

ಅವನು ಡಬ್ಬಿಯ ಹಗ್ಗ ಬಿಗಿ ಮಾಡಿದ. "ಆತು. ಮನಸ್ಸಿಲ್ದವರಿಗೆ ಜುಲುಮಿ ಮಾಡಬಾರದು" ಎಂದ. ಗಾಡಿಗೆ ಕಿಕ್ ಹೊಡೆದು ಹೋದ.

ನಾನು ಕಿಟಕಿಯ ಕಂಬಿ ಹಿಡಿದು ಕಾದೆ. ಹೀರೋ ಆದವನು ಗೇಟಿನ ಹತ್ತಿರ ತಿರುಗಿ ನೋಡಬೇಕು. ಕಣ್ಣಲ್ಲಿ ನೀರು ಕಂಡು, ಇವಳು ಸುಳ್ಳು ಹೇಳುತ್ತಿದ್ದಾಳೆ ಎಂದು ಅವನಿಗೆ ಹೊಳೆಯಬೇಕು. ಇವನು ತಿರುಗಲಿಲ್ಲ. ಮರುದಿನ ಗಾಡಿಯನ್ನು ನಾನು ವರ್ಷವಿಡೀ ಹೇಳಿದ್ದ ಜಾಗದಲ್ಲಿ, ಆ ಕಡೆ, ನೆಟ್ಟಗೆ ನಿಲ್ಲಿಸಿದ. ನನ್ನ ಕಡೆ ನೋಡದೆ ಡಬ್ಬಿ ತೆಗೆದುಕೊಂಡು ಹೋದ. ಅದರ ಮರುದಿನವೂ ಹಾಗೇ. ನನಗೆ ಸಂಕಟ ಒಂದು ಕಡೆ, ಸಿಟ್ಟು ಒಂದು ಕಡೆ. ಎಂಥ ಕಲ್ಲು ಮನುಷ್ಯ, ಸಾಯುತ್ತಿರುವವಳ ಒಂದು ಸುಳ್ಳು ಹಿಡಿಯಲು ಬರುವುದಿಲ್ಲವೇ ಎಂದು ಹಲ್ಲು ಕಡಿದೆ.

ಮೂರನೆಯ ದಿನ ಮಧ್ಯಾಹ್ನದ ಆಟ ಮುಗಿದು, ಟಿಕೇಟಿನ ಲೆಕ್ಕ ಬರೆಯುತ್ತ ಕೂತಾಗ ಥಟ್ಟನೆ ತಿಳಿಯಿತು. ಮಲ್ಲಪ್ಪ ಎರಡನೇ ಅರ್ಧ ನೋಡಿದವನೇ ಅಲ್ಲ. ನಮ್ಮಲ್ಲಿ ಎರಡನೇ ಅರ್ಧ ನಡೆಯುವಾಗ ಅವನು ರಸ್ತೆಯ ಮೇಲಿರುತ್ತಾನೆ. ಸುರಪುರದಲ್ಲಿ ಅದು ನಡೆಯುವಾಗ ದಣಿದು ಟಾಕೀಸಿನ ಹಿಂದಿನ ಬೆಂಚಿನ ಮೇಲೆ ಮಲಗಿರುತ್ತಾನೆ. ಅಷ್ಟು ವರ್ಷ ಅಷ್ಟು ಸಿನಿಮಾ ಹೊತ್ತವನು ಒಂದರ ಕೊನೆಯನ್ನೂ ಕಂಡವನಲ್ಲ. ಅವನ ಲೆಕ್ಕದಲ್ಲಿ ಹುಡುಗ ಹುಡುಗಿ ಜಗಳಾಡುತ್ತಾರೆ, ಕುಂಬಳಕಾಯಿ ಒಡೆಯುತ್ತದೆ, ಅಷ್ಟೇ. ಬ್ಯಾಡ ಎಂದರೆ ಬ್ಯಾಡ ಎಂದೇ ಅವನಿಗೆ ಅರ್ಥ.

ಕಿಟಕಿಯ ಬಾಗಿಲು ಹಾಕಿ, ತಲೆನೋವು ಎಂದು ಮಾಲೀಕರಿಗೆ ಹೇಳಿ ಸುರಪುರದ ಬಸ್ ಹಿಡಿದೆ. ಯಾವ ಹೀರೋಯಿನ್ನೂ ಈ ಕೆಲಸ ಮಾಡಿದ್ದು ನಾನು ಕಂಡಿಲ್ಲ. ಬಸ್ಸಿನಲ್ಲಿ ಜಾಗವಿರಲಿಲ್ಲ, ಜ್ವರ ಏರತೊಡಗಿತ್ತು, ಕಂಬ ಹಿಡಿದು ನಿಂತೇ ಹೋದೆ. ಅವನು ಎರಡನೇ ಅರ್ಧ ಮುಟ್ಟಿಸಿ, ಬೆಂಚಿನ ಮೇಲೆ ಟವೆಲ್ ಮುಖಕ್ಕೆ ಹಾಕಿಕೊಂಡು ಮಲಗಿದ್ದ. ನಾನು ಟವೆಲ್ ಎಳೆದೆ.

"ಏಳ್ರಿ."

"ನೀ ಯಾಕ ಬಂದಿ ಇಲ್ಲಿ?"

"ಏಳ್ರಿ ಅಂದೆ. ಸಿನಿಮಾ ನೋಡಬೇಕು."

ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋಗಿ, ಪರದೆಗೆ ಎದುರಾಗಿ ಹಿಂಬಾಗಿಲಿನ ಹತ್ತಿರ ನಿಲ್ಲಿಸಿದೆ. ದೋಣಿಯ ಸೀನು ಬಂದಿತ್ತು. ಹುಡುಗ ಹುಟ್ಟು ಹಾಕುತ್ತ ಹಾಡುತ್ತಿದ್ದ. ಮಲ್ಲಪ್ಪ ಮಲಗೆದ್ದ ಕಣ್ಣಿನಲ್ಲಿ ನೋಡಿದ. ಹುಡುಗಿಯ ಕೈ ನೀರಿಗೆ ಜಾರಿತು. ಹೆಂಗಸರ ಕಡೆಯಿಂದ ಹೋ ಎಂದು ಅಳು ಎದ್ದಿತು.

"ಏನಾತು ಆಕಿಗೆ?"

"ಸತ್ತಳು. ಕ್ಯಾನ್ಸರ್ ಇತ್ತು. ಮೊದಲ ಅವನಿಗೆ ಬ್ಯಾಡ ಅಂತ ಸುಳ್ಳು ಹೇಳಿದ್ಲು." ನಾನು ಸೆರಗು ಸರಿಸಿ ಕುತ್ತಿಗೆ ತೋರಿಸಿದೆ. "ನಾನೂ ಸುಳ್ಳು ಹೇಳೀನಿ. ನನಗೂ ಅದೇ ಅದ. ಕುತ್ತಿಗ್ಯಾಗ."

ಅವನು ಪರದೆ ಬಿಟ್ಟು ನನ್ನ ಕುತ್ತಿಗೆ ನೋಡಿದ. ಆಮೇಲೆ ಕೇಳಿದ: "ಡಾಕ್ಟರ್ ಏನಂದಾರ?"

"ಹನ್ನೆರಡು ಇಂಜೆಕ್ಷನ್ ಅಂದಾರ."

"ಈಕಿಗೆ ಎಷ್ಟು ಕೊಟ್ರು?"

ನಾನು ನೆನಪು ಮಾಡಿಕೊಂಡೆ. "ಒಂದೂ ಕೊಟ್ಟಿಲ್ಲ."

"ಮತ್ತ ಸಾಯದೆ ಏನ್ ಮಾಡ್ತಾಳ!" ಅವನ ದನಿ ಏರಿತು. "ಈ ಮಗ ಹಾಡು ಹಾಡ್ಕೋತ ಆಕಿನ್ನ ದೋಣ್ಯಾಗ ತಿರಗಸಾಕತ್ತಾನಲ್ಲ, ದವಾಖಾನಿಗೆ ಒಯ್ಯಾಕ ಏನಾಗಿತ್ತು ಇವಗ?"

"ಏ, ಹಿಂದ ಯಾರದು? ಬಾಯಿ ಮುಚ್ಚರಿ!" ಎಂದು ಮುಂದಿನಿಂದ ಯಾರೋ ಕೂಗಿದರು.

ನಾನು ಅಲ್ಲೇ ಬಾಗಿಲಿಗೆ ಒರಗಿ ಅತ್ತೆ. ಗಂಟು ಎದ್ದ ಮೇಲೆ ಅದೇ ಮೊದಲ ಅಳು. ಟಾಕೀಸಿನ ತುಂಬ ಎಲ್ಲರೂ ಅಳುತ್ತಿದ್ದರು, ಹಾಗಾಗಿ ಯಾರೂ ನೋಡಲಿಲ್ಲ. ಅದೊಂದು ಉಪಕಾರ.

ಹೊರಗೆ ಬಂದು, "ಮದಿವಿ?" ಎಂದು ನಾನೇ ಕೇಳಿದೆ.

"ನೀ ಹೇಳಿದ್ದು ಸುಳ್ಳಂದ್ರ ಮಾತು ಎಲ್ಲಿ ಮುರದದ?"

"ನಾ ಸತ್ರ?"

"ಸತ್ರ ಆಗ ಅಳತೀನಿ. ಈಗಿಂದ ಯಾಕ ಹಾಡು ಹಾಡೋದು?" ಎಂದ. ಎರಡು ಸಲ ತಡಕಾಡಿದರೂ ಅವನಿಗೆ ಗಾಡಿಯ ಕೀಲಿ ಸಿಗಲಿಲ್ಲ. ನಾನೇ ಅವನ ಅಂಗಿಯ ಜೇಬಿನಿಂದ ತೆಗೆದುಕೊಟ್ಟೆ.

ಅಂದೇ ಮಲ್ಲಪ್ಪ ನಮ್ಮ ಮನೆಗೆ ಬಂದು ಅವ್ವನ ಮುಂದೆ ಕೂತ. "ಅತ್ತಿ, ಆ ಹುಡುಗಿಗೆ ಒಂದು ಸೂಜಿನೂ ಚುಚ್ಚಿಲ್ರಿ. ನಾ ಕಣ್ಣಾರೆ ನೋಡಿ ಬಂದೀನಿ" ಎಂದ. ಅವ್ವ ಮೂಗು ಒರೆಸಿಕೊಂಡು ಯೋಚಿಸಿದಳು. ಎರಡು ಸಲ ನೋಡಿದ್ದನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದಳೆಂದು ಕಾಣುತ್ತದೆ. "ಖರೆ ನೋಡು," ಎಂದಳು ಕೊನೆಗೆ, "ಹೂವಿನ ಗುಚ್ಛ ಅಷ್ಟ ಕೊಟ್ರು, ಚುಚ್ಚಿಲ್ಲ." ನಮ್ಮ ಮನೆಯಲ್ಲಿ ಚಿಕಿತ್ಸೆಯ ತೀರ್ಮಾನ ಆದದ್ದು ಹೀಗೆ.

ಅವನ ಕಾಕ ಮಾತ್ರ ಬಂದು, ಹುಡುಗಿ ಆರಾಮಾದ ಮೇಲೆ ನೋಡೋಣ ಎಂದು ಮಾತು ಎಳೆದ. ಅದಕ್ಕೆ ಎದುರಾಗಿ ಮಲ್ಲಪ್ಪ, ಈಗಲೇ ತಾಳಿ ಕಟ್ಟುತ್ತೇನೆ ಎಂದು ಹಟ ಹಿಡಿದ. ಇಬ್ಬರನ್ನೂ ನಾನೇ ಸುಮ್ಮನಾಗಿಸಿದೆ. ಮದುವೆ ಹನ್ನೆರಡನೇ ಇಂಜೆಕ್ಷನ್ ಆದ ಮೇಲೆ. ಸಾಯುವ ಮುಂಚೆ ತಾಳಿ ಕಟ್ಟಿಸಿಕೊಳ್ಳುವವರು ಸಿನಿಮಾದವರು, ನಾನು ಬದುಕಿ ಕಟ್ಟಿಸಿಕೊಳ್ಳುವವಳು ಎಂದೆ. ಅಷ್ಟು ಗಟ್ಟಿಯಾಗಿ ಹೇಳಿದವಳಿಗೆ ಒಳಗೆ ಎಷ್ಟು ಪುಕುಪುಕು ಇತ್ತೆಂದರೆ, ಹೇಳಿ ಮುಗಿಸಿದ ಮೇಲೆ ಹಿತ್ತಲಿಗೆ ಹೋಗಿ ಕೂತುಬಿಟ್ಟೆ.

ಹದಿನೈದು ದಿನಕ್ಕೊಮ್ಮೆ ಯಾದಗಿರಿಯಿಂದ ರೈಲು. ಅಣ್ಣನಿಗೆ ರಜೆಯಿಲ್ಲ, ಜೊತೆಗೆ ವೈನಿ. ದವಾಖಾನೆಯ ಆ ಉದ್ದನೆಯ ಹಾಲಿನಲ್ಲಿ ಒಂದೇ ಫ್ಯಾನು ತಿರುಗುತ್ತಿತ್ತು. ಅದರ ಕೆಳಗಿನ ಬೆಂಚಿಗಾಗಿ ಮೂರು ರಾಜ್ಯದ ರೋಗಿಗಳು ಹೊಡೆದಾಡುತ್ತಿದ್ದೆವು. ಅಕ್ಕಲಕೋಟೆಯ ಕಡೆಯ ಒಬ್ಬ ಮುದುಕಿ, ನಾನು ಆಯಿ ಎನ್ನುತ್ತಿದ್ದೆ, ಹೊಟ್ಟೆಯ ರೋಗದವಳು, ಎರಡನೇ ಸಲದಿಂದ ನನಗಾಗಿ ಅಲ್ಲಿ ಚೀಲ ಇಟ್ಟು ಜಾಗ ಹಿಡಿದಿರುತ್ತಿದ್ದಳು. ಆಕೆಗೆ ಕನ್ನಡ ಅರ್ಧ, ನನಗೆ ಮರಾಠಿ ಕಾಲು. ವಾಂತಿ ಬಂದರೆ ಬೆನ್ನು ಸವರಲು ಅಷ್ಟು ಸಾಕಿತ್ತು. ಕೆಂಪು ಬಣ್ಣದ ಔಷಧಿ ನರದೊಳಗೆ ಹೋಗುವಾಗ ತೋಳು ಉರಿಯುತ್ತಿತ್ತು. ತಿರುಗಿ ಬರುವಾಗ ವಾಡಿ ಸ್ಟೇಷನ್ ದಾಟುವವರೆಗೂ ಕರಿದ ಎಣ್ಣೆಯ ವಾಸನೆಗೆ ನಾನು ಕಿಟಕಿಯಿಂದ ತಲೆ ಒಳಗೆ ತರುತ್ತಿರಲಿಲ್ಲ. ಕಿಟಕಿಯ ಜಾಗ ಈಗ ಕೇಳದೆಯೇ ನನ್ನದಾಗಿತ್ತು.

ವೈನಿ ಮಾತ್ರ ಇನ್ನೂ ಒಳ್ಳೆಯವಳಾಗಿಯೇ ಇದ್ದಳು. ದವಾಖಾನೆಯಲ್ಲಿ ಸರದಿ ಮುರಿದು ಬಂದವರನ್ನೆಲ್ಲ ಅಚ್ಚ ಕನ್ನಡದಲ್ಲಿ ಝಾಡಿಸುತ್ತಿದ್ದಳು, ನನಗೆ ಮಾತ್ರ ಅವ್ವಾ, ತಂಗೀ. ನನಗೆ ಅದು ರೋಗಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು. ಮೂರನೇ ಇಂಜೆಕ್ಷನ್ ಆದ ವಾರ ಆಕೆ ನನ್ನ ತಲೆ ಬಾಚಲು ಕೂತಳು. ಮೊದಲ ಸಲ ಬಾಚಣಿಗೆ ಎಳೆದಾಗಲೇ ಒಂದು ಹಿಡಿ ಕೂದಲು ಆಕೆಯ ಕೈಯಲ್ಲಿ ಬಂತು. ಎರಡನೇ ಸಲ ಇನ್ನೊಂದು ಹಿಡಿ. ಹಿಂದಿನಿಂದ ಮೂಗು ಎಳೆಯುವ ಸದ್ದು ಕೇಳಿಸಿತು.

"ಬೈ ವೈನಿ," ಎಂದೆ.

"ಹ್ಯಾಂಗ ಬೈಲೆ ನಿನ್ನ..."

"ನಿನ್ನ ಕಾಲಿಗೆ ಬೀಳ್ತೀನಿ, ಬೈ. ನೀ ಬೈಲಿಲ್ಲಂದ್ರ ನಾ ಸತ್ತೇ ಹೋದೆ ಅಂತ ಅನಸ್ತದ."

ಆಕೆ ಬಾಚಣಿಗೆ ನೆಲಕ್ಕಿಟ್ಟಳು. ಆಮೇಲೆ ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು. "ಏನಲೇ ಇದು, ಮನಿ ತುಂಬ ಕೂದಲ ಚೆಲ್ಲಿ ಕುಂತೀದಿ? ಯಾರ್ ಬಳೀಬೇಕು ಇದನ್ನ? ಸತ್ತ ನಿಮ್ಮಪ್ಪ ಎದ್ದು ಬಂದು ಬಳೀತಾನೇನು?" ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. ನಾನು ನಕ್ಕೆ. ಆಕೆ ಅಳುತ್ತ ಬೈದಳು, ಬೈಯುತ್ತ ತಲೆ ಪೂರಾ ಬೋಳಿಸಿದಳು.

ನಾನು ತಲೆಗೆ ಅಣ್ಣನ ಹಳೆಯ ಮಫ್ಲರ್ ಸುತ್ತಿಕೊಂಡು ಟಿಕೇಟು ಕಿಟಕಿಗೆ ಹೋದೆ. ಮನೆಯಲ್ಲಿ ಕೂತರೆ ಛಾವಣಿಯ ಜಂತಿ ನೋಡುತ್ತಿರಬೇಕು. ಹೆಂಗಸರು ಸರದಿಯಲ್ಲಿ ಬಂದು ನನ್ನನ್ನು ನೋಡಿ ಟಿಕೇಟು ಮರೆತು ನಿಲ್ಲುತ್ತಿದ್ದರು. ಒಬ್ಬ ಮುದುಕಿ ಕಂಬಿಯೊಳಗೆ ಕೈ ಹಾಕಿ ನನ್ನ ಗಲ್ಲ ಸವರಿ, "ಥೇಟ್ ಸಿನಿಮಾದಾಕೀನೇ ಆದೆಲ್ಲ ನನ್ನವ್ವಾ" ಎಂದು ಗಳಗಳ ಅತ್ತಿತು.

"ಯಜ್ಜೀ, ಟಿಕೇಟು ತಗೊ. ಅಳೋದಿದ್ರ ಒಳಗ ಹೋಗಿ ಅಳು. ಹೊರಗ ಅಳಾಕ ಏನೂ ಆಗಿಲ್ಲ" ಎಂದೆ. ಒರಟಾಯಿತೇನೋ. ಆಗಲಿ. ಇದ್ದವಳನ್ನು ಇದ್ದಾಗಲೇ ಅತ್ತು ಮುಗಿಸುವವರಿಗೆ ನಾನು ಮೆತ್ತಗೆ ಮಾತಾಡುವುದನ್ನು ಇನ್ನೂ ಕಲಿತಿಲ್ಲ.

ಆರನೆಯದು ಮುಗಿದ ಮೇಲೆ ನಾನೇ ಕೈಚೆಲ್ಲಿದೆ. ಬಾಯೆಲ್ಲ ಹುಣ್ಣು, ನೀರು ಕುಡಿದರೂ ಕಬ್ಬಿಣ ಕುಡಿದ ಹಾಗೆ. ಇಂಜೆಕ್ಷನ್ ಹಾಕಿಸಿಕೊಂಡ ತೋಳಿನ ನರ ಹಗ್ಗದಂತೆ ಗಟ್ಟಿಯಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಸಲ ಫ್ಯಾನಿನ ಕೆಳಗೆ ಚೀಲವಿರಲಿಲ್ಲ. ಆಯಿ ಬಂದಿರಲಿಲ್ಲ. ಯಾರನ್ನೂ ಕೇಳಲು ನನಗೆ ಧೈರ್ಯವಾಗಲಿಲ್ಲ. ಏಳನೆಯದಕ್ಕೆ ಹೊರಡುವ ದಿನ ಬೆಳಿಗ್ಗೆ, ನಾನು ಬರುವುದಿಲ್ಲ ಎಂದು ಗೋಡೆಯ ಕಡೆ ತಿರುಗಿ ಮಲಗಿದೆ. ವೈನಿ ಬೈದಳು, ಅವ್ವ ಅತ್ತಳು, ಅಣ್ಣ ಹೋಗಿ ಮಲ್ಲಪ್ಪನನ್ನು ಕರೆತಂದ.

ಅವನು ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತ. "ಎಷ್ಟಾದವು?"

"ಆರು."

"ಒಟ್ಟು?"

"ಗೊತ್ತಿಲ್ಲೇನು? ಹನ್ನೆರಡು."

"ಅಂದ್ರ ಈಗ ಇಂಟರ್ವಲ್."

ನಾನು ಚಾದರ ತಲೆಯ ಮೇಲೆ ಎಳೆದುಕೊಂಡೆ.

"ದೇವಮ್ಮ, ಏಳು ವರ್ಷಾತು ನಾ ಈ ಕೆಲಸ ಮಾಡಾಕತ್ತು. ಮಳಿ ಬಂದದ, ಪಂಕ್ಚರ್ ಆಗ್ಯಾದ, ಕೆನಾಲ್ ಒಡದು ರಸ್ತಾ ಮ್ಯಾಲ ನೀರು ನಿಂತಾಗ ಡಬ್ಬಿ ತಲಿ ಮ್ಯಾಲ ಹೊತಗೊಂಡು ನಡದೀನಿ. ಒಂದ ದಿನಾನೂ ಸುರಪುರದ ಮಂದಿನ್ನ ಅರ್ಧ ಸಿನಿಮಾಕ್ಕ ಕುಂದರಿಸಿ ಮನಿಗೆ ಹೋಗಿಲ್ಲ. ನಿನ್ನ ಬಿಡ್ತೀನೇನು?"

"ಎರಡನೇ ಅರ್ಧದಾಗ ಏನಾಗ್ತದ ಅಂತ ನೋಡೀಯಲ್ಲ ನೀ" ಎಂದೆ. ಸಿಟ್ಟಿನಲ್ಲಿ ಅವನನ್ನು ನೀ ಎಂದಿದ್ದೆ.

"ಆಕೀದು ನೋಡೀನಿ. ನಿಂದು ಇನ್ನೂ ನೋಡಿಲ್ಲ. ಏಳು, ಬಸ್ಸಿಗೆ ತಡ ಆಗ್ತದ."

ಆ ದಿನ ಟಾಕೀಸಿಗೆ ಬೇರೆಯವರನ್ನು ಹಚ್ಚಿ ಅವನೇ ಬಂದ. ಅಲ್ಲಿಂದ ಮುಂದಿನ ಐದಕ್ಕೂ ವೈನಿಯ ಜೊತೆ ಬಂದ. ಎಂಟನೆಯ ಸಲ ಹೋದಾಗ ಫ್ಯಾನಿನ ಕೆಳಗೆ ಆಯಿಯ ಚೀಲವಿತ್ತು, ಪಕ್ಕದಲ್ಲಿ ಆಯಿಯೂ ಇದ್ದಳು. ಮೊಮ್ಮಗಳ ಮದುವೆಗೆ ಹೋಗಿದ್ದಳಂತೆ. ನಾನು ಆಕೆಯನ್ನು ಅಪ್ಪಿಕೊಂಡು, ಹೇಳದೆ ಹೋದದ್ದಕ್ಕೆ ಬಾಯಿಗೆ ಬಂದಂತೆ ಬೈದೆ. ಆಕೆಗೆ ಅರ್ಧ ಅರ್ಥವಾಯಿತು. ಆಯಿ ನಗುತ್ತ ನನ್ನ ಬೋಳು ತಲೆಗೊಂದು ಮೊಟಕಿದಳು.

ಹನ್ನೆರಡೂ ಮುಗಿದು, ಎಲ್ಲ ಪರೀಕ್ಷೆಯಾಗಿ, ಕೊನೆಗೆ ಡಾಕ್ಟರ್ ಕರೆದರು. ಈ ಸಲ ಅಣ್ಣನನ್ನು ಹೊರಗೆ ಕೂರಿಸಿ ನಾನೇ ಒಳಗೆ ಹೋದೆ. ಡಾಕ್ಟರ್ ಕಾಗದಗಳನ್ನು ಒಂದೊಂದಾಗಿ ಓದಿದರು. ಆಮೇಲೆ ಕನ್ನಡಕ ತೆಗೆದರು.

ನಾನು ಮೇಜಿನ ಅಂಚು ಹಿಡಿದುಕೊಂಡೆ. ಅವರು ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡು, "ಏನೂ ಉಳಿದಿಲ್ಲ. ಮೂರು ತಿಂಗಳಿಗೊಮ್ಮೆ ತೋರಿಸಿ ಹೋಗು" ಎಂದರು. ಬೆವರಿಗೆ ಗಾಜು ಮಸುಕಾಗಿತ್ತಂತೆ.

"ಡಾಕ್ಟರೇ, ಕನ್ನಡಕ ತೆಗೆಯೋ ಮೊದಲು ಹೇಳಬೇಕ್ರಿ ಇಂಥಾವೆಲ್ಲ" ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ, ಪಾಪ.

ಈಗ ಇದೆಲ್ಲ ಬಹಳ ಹಿಂದಿನ ಮಾತು. ಆ ಟಾಕೀಸು ಗೊಬ್ಬರದ ಗೋದಾಮಾಗಿದೆ. ವರ್ಷಕ್ಕೊಮ್ಮೆ ತೋರಿಸಲು ಹೋದಾಗ ಆ ಹಾಲಿನಲ್ಲಿ ಕೂರುತ್ತೇನೆ. ಈಗ ಫ್ಯಾನುಗಳು ಬಹಳ ಇವೆ. ಆದರೆ ಮಗಳಿಗೆ ಕೇಳಿಸಬಾರದೆಂದು ಡಾಕ್ಟರನ್ನು ಮೂಲೆಗೆ ಕರೆಯುವ ಅಪ್ಪಂದಿರು, ಕೇಳದೆಯೇ ಕಿತ್ತಳೆ ಸುಲಿದು ಕೊಡುವ ಅತ್ತಿಗೆಯರು ಇನ್ನೂ ಇದ್ದಾರೆ. ಅಂಥ ಹುಡುಗಿಯರ ಪಕ್ಕ ಹೋಗಿ ಕೂತು, ಏನದ ಅಂತ ನಿಮ್ಮವರ್ನ ಕೇಳವ್ವಾ, ನಿನ್ನ ಮೈ ಅದು ಎನ್ನುತ್ತೇನೆ. ಎಲ್ಲರಿಗೂ ಹನ್ನೆರಡರಲ್ಲಿ ವಾಸಿಯಾಗುತ್ತದೆ ಎಂದು ನಾನು ಹೇಳುವುದಿಲ್ಲ, ಆಯಿ ಮರುವರ್ಷ ತೀರಿಕೊಂಡಳು. ಆದರೆ ಆಕೆ ತೀರಿಕೊಳ್ಳುವವರೆಗೂ ಬದುಕಿದ್ದಳು. ಯಾರೂ ಆಕೆಯನ್ನು ಮೊದಲೇ ದೋಣಿಗೆ ಹತ್ತಿಸಲಿಲ್ಲ.

ಮತ್ತೆ ಆ ದಿನಗಳಿಗೆ ಬರುತ್ತೇನೆ. ಮದುವೆಯಾದ ಮರುವಾರವೇ ಮಲ್ಲಪ್ಪ ಕೆಲಸಕ್ಕೆ ಹೋದ, ನಾನೂ ಹೋದೆ. ಜನ ಕೇಳುತ್ತಾರೆಂದು ಮಾಲೀಕರು ಅದೇ ಸಿನಿಮಾವನ್ನು ಮತ್ತೆ ತರಿಸಿದ್ದರು. ಟಿಕೇಟು ಮುಗಿದ ಮೇಲೆ ನಾನು ಒಳಗೆ ಹೋಗಿ ಹೆಂಗಸರ ನಡುವೆ ಕೂತೆ. ತಲೆಯ ಮೇಲೆ ಒಂದು ಬೆರಳಿನಷ್ಟು ಕೂದಲು ಬಂದಿತ್ತು, ಸೆರಗು ಹೊದ್ದಿರಲಿಲ್ಲ. ಕುಂಬಳಕಾಯಿ ಒಡೆದಾಗ ಎಲ್ಲರಿಗಿಂತ ಜೋರಾಗಿ ನಕ್ಕೆ. ದೋಣಿಯ ಸೀನು ಬಂದಾಗ ಸಾಲಿಗೆ ಸಾಲೇ ಪರದೆ ಬಿಟ್ಟು ನನ್ನ ಕಡೆ ತಿರುಗಿತು. ನಾನು ಶೇಂಗಾ ತಿನ್ನುತ್ತಿದ್ದೆ. ಅವತ್ತು ಗಲ್ಲ ಸವರಿದ್ದ ಮುದುಕಿ ಹಿಂದಿನಿಂದ, "ಯವ್ವಾ, ಸತ್ತಳಲ್ಲೇ!" ಎಂದಿತು.

"ಆಕಿ ಸತ್ತಾಳ, ಯಜ್ಜೀ. ನಾ ಇಲ್ಲೇ ಕುಂತೀನಿ. ತಗೊ, ಶೇಂಗಾ ತಿನ್ನು."

ಆಟ ಮುಗಿಯುವಷ್ಟರಲ್ಲಿ ಮಲ್ಲಪ್ಪ ಸುರಪುರದಿಂದ ತಿರುಗಿ ಬಂದಿದ್ದ. ಎರಡನೇ ಅರ್ಧದ ಡಬ್ಬಿಗಳನ್ನು ಗಾಡಿಯ ಎರಡೂ ಬದಿಯ ಚೀಲದಲ್ಲಿ ತುಂಬಿದ. ನಾನು ಹಿಂದೆ ಹತ್ತಿ ಕೂತೆ. ಕೊನೆಯ ರೀಲಿನ ಡಬ್ಬಿಗೆ ಚೀಲದಲ್ಲಿ ಜಾಗವಾಗಲಿಲ್ಲ, ಅದನ್ನು ನನ್ನ ತೊಡೆಯ ಮೇಲಿಟ್ಟ.

ಕೆನಾಲಿನ ಸೇತುವೆ ಬಂತು. ಎರಡೂ ದಡದವರೆಗೆ ತುಂಬಿ, ಕೆಂಪು ನೀರು ರಭಸವಾಗಿ ಹರಿಯುತ್ತಿತ್ತು.

"ಏನ್ರಿ, ಇದೊಂದನ್ನ ಕೆನಾಲಿಗೆ ಒಗೀಲೇನು?"

ಅವನು ಗಾಡಿ ನಿಧಾನ ಮಾಡಿದ. "ಒಗಿ. ಆದ್ರ ಕೊನೀಗೆ ಏನಾತು ಅಂತ ಸುರಪುರದ ಮಂದಿಗೆ ನೀನ ಹೇಳಬೇಕು."

ನಾನು ಡಬ್ಬಿಯ ಅಂಚು ಹಿಡಿದು ನೀರಿನ ಕಡೆ ನೋಡಿದೆ. ದೋಣಿ, ಹಾಡು, ಆ ಹುಡುಗಿಯ ಜಾರುವ ಕೈ, ಎಲ್ಲ ಅದರೊಳಗೇ ಇತ್ತು. ಬಿಸಿಲಿಗೆ ಡಬ್ಬಿ ಕಾಯ್ದು ಸೀರೆಯ ಮೇಲಿಂದ ತೊಡೆ ಸುಡುತ್ತಿತ್ತು, ಭಾರವೂ ಇತ್ತು. ಸುರಪುರದಲ್ಲಿ ಶೇಂಗಾ ಮುಗಿದು, ಹೆಂಗಸರು ಬಾಗಿಲ ಕಡೆ ನೋಡುತ್ತ ಕೂತಿರುತ್ತಾರೆ.

ನಾನು ಡಬ್ಬಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದುಕೊಂಡೆ. "ಜಲ್ದಿ ಹೊಡೀರಿ," ಎಂದೆ, "ಮಂದಿ ಕಾಯಾಕತ್ತಾರ."